ನನ್ನ ಪೇಪರೂ ದೊಡ್ಡಮ್ಮನ ಗಂಟೂ

ಕೆಲಸ ಅಂತ ಒಂದಿದ್ದರೆ ಎಲ್ಲರಿಗೂ ಸಂಬಳ ಬರುತ್ತದೆ, ನನಗೆ ಅದರ ಜೊತೆ ಫಜೀತಿಯೂ ಬರುತ್ತದೆ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕ್ಯಾನ್ಸರ್ ಜೀವಕೋಶಗಳನ್ನು ಸಾಕಿ, 'ಬೆಳೆಯಿರಿ' ಅನ್ನುವ ಸುದ್ದಿ ಅವುಗಳ ಒಳಕ್ಕೆ ಹೇಗೆ ಮುಟ್ಟುತ್ತದೆ ಎಂದು ನೋಡುವವಳು ನಾನು. ಮನೆ ಮಾತ್ರ ಹೊಂಗನೂರಿನಲ್ಲಿ. ಬೆಳಗ್ಗೆ ಚನ್ನಪಟ್ಟಣದಲ್ಲಿ ರೈಲು ಹತ್ತಿ ಹೋಗಿ ಸಂಜೆ ಬರುತ್ತೇನೆ. ಹಾಗಾಗಿ ಫಜೀತಿಗೆ ಭಾನುವಾರವೂ ರಜಾ ಇಲ್ಲ.

ಹೋದ ವರ್ಷ ನನ್ನ ಸಂಶೋಧನೆಯ ಪೇಪರೊಂದು ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ಹೊತ್ತಿಗೆ ಮಾಗಡಿ ಕಡೆಯ ತಿಪ್ಪಸಂದ್ರದ ದೊಡ್ಡಮ್ಮನ ಎದೆಯಲ್ಲಿ ಒಂದು ಗಂಟು ಸಿಕ್ಕಿತು. ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ, ನನ್ನನ್ನು ಎತ್ತಿ ಆಡಿಸಿದವಳು. "ನೋವಿಲ್ಲ ಕಣವ್ವ, ನೋವಿಲ್ದಿದ್ದನ್ನ ಡಾಕ್ಟ್ರಿಗ್ಯಾಕೆ ತೋರ್ಸೋದು?" ಅಂತ ಅವಳ ವಾದ. ಕ್ಯಾನ್ಸರಿನ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ, ಹಾಗಾಗಿ ನೋವಿಲ್ಲ ಅನ್ನುವುದೇ ನನ್ನ ಭಯ. ಪೇಪರು ಅಚ್ಚಾಗಿದೆಯಲ್ಲ, ಇನ್ನಾದರೂ ನನ್ನ ಮಾತಿಗೆ ತೂಕ ಬರುತ್ತದೆ, ಅವಳು ಆಸ್ಪತ್ರೆಗೆ ಬರುತ್ತಾಳೆ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಹೆಸರಿನ ಮರ್ಯಾದೆ

ಪೇಪರನ್ನು ಪ್ರಿಂಟ್ ತೆಗೆದು ತಂದೆ. ಅಮ್ಮ ದೇವರ ಮುಂದಿಟ್ಟಳು. ಚಿಕ್ಕಪ್ಪ ಕೈ ತೊಳೆದುಕೊಂಡು ಬಂದು ಕನ್ನಡಕ ಹಾಕಿ ಮೊದಲ ಪುಟ ನೋಡಿದ. ನಮ್ಮ ಕಡೆ ಅಚ್ಚಾದ ಕಾಗದ ಅಂದರೆ ಲಗ್ನಪತ್ರಿಕೆ. ಅದರಲ್ಲಿ ಓದುವುದು ಯಾರ ಹೆಸರು ಯಾರ ಮೇಲಿದೆ ಅನ್ನುವುದನ್ನೇ. ಚಿಕ್ಕಪ್ಪನ ಮುಖ ಸಪ್ಪಗಾಯಿತು.

"ಇದೇನವ್ವ, ನಿನ್ನ ಹೆಸರು ಮೊದ್ಲು ಹಾಕ್ಸ್ಕಂಡು, ನಿಮ್ಮ ಮೇಷ್ಟ್ರ ಹೆಸರ ಕಟ್ಟಕಡೇಗೆ ತಳ್ಬುಟ್ಟಿದ್ದೀಯ? ಹಿರೀಕರು ಸುಮ್ಕಿದ್ರಾ?"

ತನ್ನ ಹೆಸರು ಸೋದರಮಾವನ ಹೆಸರಿನ ಕೆಳಗೆ ಬಂತು ಅಂತ ಒಂದು ಮದುವೆಯಲ್ಲಿ ಊಟ ಬಿಟ್ಟು ಎದ್ದು ಬಂದ ಮಹಾನುಭಾವ ಇವನೇ. ಪೇಪರಿನಲ್ಲಿ ಕೊನೆಯ ಹೆಸರೇ ಎಲ್ಲಕ್ಕಿಂತ ದೊಡ್ಡದು ಅಂತ ಬಿಡಿಸಿ ಹೇಳಿದೆ. ಅವನು ಕನ್ನಡಕ ಸರಿಮಾಡಿಕೊಂಡು ಮತ್ತೆ ಹೆಸರುಗಳ ಮೇಲೆ ಬೆರಳಾಡಿಸಿದ.

"ಅಂಗಾದ್ರೆ ನನ್ನ ಹೆಸರ ಅವರಿಗಿಂತ ಕೆಳಗೆ ಹಾಕ್ಬೋದಿತ್ತು."

"ನೀನೇನು ಮಾಡಿದ್ದೀಯ ಚಿಕ್ಕಪ್ಪ?"

"ದಿನಾ ಗಾಡೀಲಿ ಸ್ಟೇಷನ್‌ಗೆ ಬುಟ್ಟುಬತ್ತೀನಲ್ಲ! ನಾನು ಬುಡ್ನಿಲ್ಲ ಅಂದಿದ್ರೆ ನಿನ್ನ ಕ್ಯಾನ್ಸರು ಚನ್ನಪಟ್ಟಣ ದಾಟ್ತಿತ್ತಾ?"

ಅದೂ ನಿಜವೇ. ಆ ಹೆಸರುಗಳಲ್ಲಿ ಕೆಲವರು ಅಷ್ಟೂ ಮಾಡಿರಲಿಲ್ಲ.

ಆಟೋ ಸ್ಟಾರ್ಟರ್

ಮುಂದಿನ ಭಾನುವಾರ ಪೇಪರು ಹಿಡಿದುಕೊಂಡು ತಿಪ್ಪಸಂದ್ರಕ್ಕೇ ಹೋದೆ. ಜಗುಲಿ ಮೇಲೆ ದೊಡ್ಡಪ್ಪ, ದೊಡ್ಡಮ್ಮ ಇಬ್ಬರನ್ನೂ ಕೂರಿಸಿಕೊಂಡು ಪಾಠ ಶುರು ಮಾಡಿದೆ. ಜೀವಕೋಶದ ಮೈಮೇಲೆ ಒಂದು ಸ್ವಿಚ್ ಇರುತ್ತದೆ. ಹೊರಗಿನಿಂದ ಸುದ್ದಿ ಬಂದರೆ ಮಾತ್ರ ಅದು ಆನ್ ಆಗಬೇಕು, ಆಗ ಕೋಶ ಬೆಳೆಯಬೇಕು. ಕ್ಯಾನ್ಸರಿನಲ್ಲಿ ಆ ಸ್ವಿಚ್ ಆನ್ ಆಗಿಯೇ ಕೂತುಬಿಡುತ್ತದೆ, ಕೇಳುವವರಿಲ್ಲ.

ದೊಡ್ಡಪ್ಪ ತಲೆದೂಗಿದ. "ಬೋರ್‌ವೆಲ್ಲಿಗೆ ಆಟೋ ಸ್ಟಾರ್ಟರ್ ಹಾಕ್ಬುಟ್ಟು ಮನೇಲಿ ಮಲಿಕ್ಕಂಡಂಗೆ. ಕರೆಂಟು ಬಂದಾಗೆಲ್ಲ ಅದರ ಪಾಡಿಗೆ ಅದು ಓಡ್ತದೆ, ತ್ವಾಟ ಕೆರೆ ಆಗೋಯ್ತದೆ."

"ಅದೇ ದೊಡ್ಡಪ್ಪ! ಅದಕ್ಕೇ ತಡ ಮಾಡಬಾರದು."

"ಹೂಂ ಕಣವ್ವ, ತಡ ಮಾಡ್ಬಾರ್ದು," ಅಂತ ದೊಡ್ಡಪ್ಪ ದಡಕ್ಕನೆ ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡ. ಈಗಲೇ ಆಸ್ಪತ್ರೆಗೆ ಹೊರಟೇಬಿಟ್ಟ ಅಂತ ನನ್ನ ಕಣ್ಣಲ್ಲಿ ನೀರು ಬಂತು. ಅವನು ಹೋದದ್ದು ತೋಟಕ್ಕೆ. ಬೆಳಗ್ಗೆಯಿಂದ ಆಟೋ ಹಾಕಿಟ್ಟು ಮರೆತಿದ್ದನಂತೆ.

ಅವನು ಆ ಕಡೆ ಹೋಗುತ್ತಿದ್ದಂತೆ ಪಕ್ಕದ ಮನೆಯವನು ಒಂದು ಸುಟ್ಟ ಸ್ಟಾರ್ಟರ್ ತಂದು ನನ್ನ ಕಾಲ ಬುಡದಲ್ಲಿಟ್ಟ. ಗೋಡೆಯಾಚೆಯಿಂದ ನನ್ನ ಪಾಠ ಪೂರ್ತಿ ಕೇಳಿಸಿಕೊಂಡಿದ್ದ. ನಾನು ಬಾಯಿ ಬಿಡುವಷ್ಟರಲ್ಲಿ ದೊಡ್ಡಮ್ಮ ಹೆಮ್ಮೆಯಿಂದ ಅಂದಳು: "ಮಡಗಿ ಓಗ್ಲಾ. ಕ್ಯಾನ್ಸರ್‌ನೇ ಆಫ್ ಮಾಡೋ ಮಗ, ಇದನ್ನ ಮಾಡಾಕಿಲ್ವಾ?"

ಹೊಸತೊಡಕಿನ ದಿನ

ಯುಗಾದಿಯ ಮಾರನೇ ದಿನ ಹೊಸತೊಡಕು. ಅವತ್ತು ಬಾಡೂಟಕ್ಕೆ ಇಲ್ಲದವರು ನಮ್ಮ ಮನೆಯವರೇ ಅಲ್ಲ. ನಾನು ಲ್ಯಾಬಿಗೆ ಹೊರಟಿದ್ದು ಕಂಡು ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಸೆಲ್‌ಗಳಿಗೆ ಊಟ ಹಾಕಬೇಕು ಅಮ್ಮ. ಇವತ್ತು ಬಿಟ್ಟರೆ ಸತ್ತುಹೋಗ್ತವೆ."

ಅಮ್ಮನ ಸೌಟು ಕೆಳಗಿಳಿಯಿತು. ಮದುವೆಯಾದಾಗಿನಿಂದ ರೇಷ್ಮೆಹುಳ ಸಾಕಿದವಳು. ಹುಳಕ್ಕೆ ಸೊಪ್ಪು ಹಾಕೋ ಹೊತ್ತಿನಲ್ಲಿ ಅವಳು ತವರಿನ ಹಬ್ಬಕ್ಕೂ ಹೋದವಳಲ್ಲ. "ಅಯ್ಯೋ, ಮೊದ್ಲೇ ಯೋಳ್ಬಾರ್ದಾ? ಓಗು, ಓಗು. ಯಾವ ಜ್ವರದಲ್ಲಿ ಅವೆ?" ಅಂದಳು. ಪೊರೆ ಬಿಡುವ ಮುಂಚೆ ಹುಳ ಮೇಯುವುದು ನಿಲ್ಲಿಸಿ ಮಲಗುವುದಕ್ಕೆ ನಮ್ಮ ಕಡೆ ಒಂದನೇ ಜ್ವರ, ಎರಡನೇ ಜ್ವರ ಅನ್ನುತ್ತಾರೆ.

"ಇವು ಮಲಗೋದೇ ಇಲ್ಲಮ್ಮ. ತಿಂತಾನೇ ಇರ್ತವೆ, ಬೆಳೀತಾನೇ ಇರ್ತವೆ. ಅದೇ ಇವುಗಳ ರೋಗ."

ಅವತ್ತಿನಿಂದ ಅಮ್ಮನಿಗೆ ನನ್ನ ಸೆಲ್‌ಗಳ ಮೇಲೆ ಮಮತೆ. ದಿನಾ ಸಂಜೆ ನನ್ನ ಕ್ಷೇಮಕ್ಕಿಂತ ಮುಂಚೆ ಅವುಗಳ ಕ್ಷೇಮ ಕೇಳುತ್ತಿದ್ದಳು. ಒಂದು ದಿನ ನಿಜ ಹೇಳಿಬಿಟ್ಟೆ: ಕೊನೆಗೆ ಔಷಧಿ ಹಾಕಿ ಅಷ್ಟನ್ನೂ ಸಾಯಿಸಿದೆವು.

"ಥೂ ನಿನ್ನ! ಮಕ್ಕಳಂಗೆ ಸಾಕ್ಬುಟ್ಟು ಕೊಲ್ತೀರಾ? ಕರುಳೇ ಇಲ್ವಾ ನಿಮ್ಗೆ?"

ಹೀಗೆ ಬೈದವಳು ರೇಷ್ಮೆಗೂಡಿನ ಮೂಟೆ ಕಟ್ಟಿ, ಬಿಸಿನೀರಿಗೆ ಬೀಳಲಿದ್ದ ಅಷ್ಟೂ ಹುಳವನ್ನು ರಾಮನಗರದ ಮಾರ್ಕೆಟ್ಟಿಗೆ ಕಳಿಸಿದಳು.

ಕರೆಯೋ ಕ್ರಮ

ಇಷ್ಟೆಲ್ಲ ಆದರೂ ದೊಡ್ಡಮ್ಮನ ಗಂಟು ಹಾಗೇ ಇತ್ತು. ಫೋನು ಮಾಡಿದಾಗೆಲ್ಲ "ಬತ್ತೀನಿ ಬುಡವ್ವ" ಅನ್ನುತ್ತಿದ್ದಳು, ಬರುತ್ತಿರಲಿಲ್ಲ. ಬೈದೆ, ಗೋಗರೆದೆ. ಒಂದು ಸಂಜೆ ತಡೆಯಲಾರದೆ ಅಮ್ಮನ ಮುಂದೆ ಅತ್ತುಬಿಟ್ಟೆ. "ನಮ್ಮ ಕಣ್ಮುಂದೇನೇ ಹೋಗ್ಬಿಡ್ತಾಳೆ ಕಣಮ್ಮ."

ಅಮ್ಮ ಕೇಳಿದಳು, "ನೀನು ಹೆಂಗೆ ಕರೆದೆ?"

"ಹೆಂಗೆ ಅಂದ್ರೆ? ಫೋನಲ್ಲಿ."

"ಫೋನಲ್ಲಿ ಕರೆದ್ರೆ ನಮ್ಮಕ್ಕ ಹೆತ್ತ ಮಗಳ ಮದ್ವೆಗೂ ಬರಾಕಿಲ್ಲ."

ಮಾರನೇ ದಿನ ಅಮ್ಮ ರೇಷ್ಮೆ ಸೀರೆ ಉಟ್ಟು, ತಟ್ಟೆಯಲ್ಲಿ ಅರಿಶಿನ ಕುಂಕುಮ, ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಜೋಡಿಸಿಕೊಂಡಳು. ರಾಮನಗರ, ಮಾಗಡಿ ಅಂತ ಬಸ್ಸು ಬದಲಾಯಿಸಿ ಇಬ್ಬರೂ ತಿಪ್ಪಸಂದ್ರ ಸೇರಿದೆವು. ಅಮ್ಮ ಅಕ್ಕನ ಹಣೆಗೆ ಕುಂಕುಮ ಇಟ್ಟು, ಕೈಗೆ ವೀಳ್ಯ ಕೊಟ್ಟು ಅಂದಳು: "ಬುಧವಾರ ಆಸ್ಪತ್ರೇಲಿ ಟೆಸ್ಟು ಮಡಗ್ಕಂಡಿದ್ದೀವಿ. ಭಾವನ್ನೂ ಕರ್ಕಂಡು ಒಂದಿನ ಮುಂಚೇನೇ ಬಂದು, ಮುಂದೆ ನಿಂತು ನಡೆಸಿಕೊಡ್ಬೇಕು."

ದೊಡ್ಡಮ್ಮ ಕಣ್ಣೊರೆಸಿಕೊಂಡಳು. "ಬರ್ದೆ ಇರ್ತೀನಾ? ಇಷ್ಟು ದಿನ ಒಬ್ರಾದ್ರೂ ನೆಟ್ಟಗೆ ಕರೆದ್ರಾ?"

ಬಂದಳು. ಮುಡಿ ತುಂಬ ಮಲ್ಲಿಗೆ, ಜೊತೆಗೆ ಬಿಳಿ ಪಂಚೆಯ ದೊಡ್ಡಪ್ಪ, ಪಕ್ಕದ ಮನೆಯವನೂ ಅವನ ಹೆಂಡತಿಯೂ. ಆಸ್ಪತ್ರೆಯ ಗೇಟಿನವನು, "ಛತ್ರ ಮುಂದಿನ ರೋಡಲ್ಲಿ" ಅಂದ.

ಗಂಟು ಕ್ಯಾನ್ಸರೇ ಆಗಿತ್ತು. ನಾನು ಪೇಪರಿನಲ್ಲಿ ಬರೆದಿದ್ದ ಸ್ವಿಚ್ಚಿನ ಹೆಸರೇ ಅವಳ ರಿಪೋರ್ಟಿನಲ್ಲೂ ಇತ್ತು. ಅಷ್ಟು ಸಲ ಟೈಪ್ ಮಾಡಿದ ಹೆಸರನ್ನು ಅವತ್ತು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಆದರೆ ಗಂಟು ಚಿಕ್ಕದು, ಎಲ್ಲೂ ಹರಡಿಲ್ಲ, ಔಷಧಿ ಇದೆ ಅಂದರು ಡಾಕ್ಟರಮ್ಮ.

ಆಪರೇಷನ್ನು, ಆಮೇಲೆ ಇಂಜೆಕ್ಷನ್ನು. ಪ್ರತಿ ಸಲವೂ ತಟ್ಟೆ ಹಿಡಿದು ತಿಪ್ಪಸಂದ್ರಕ್ಕೆ ಹೋಗಲೇಬೇಕು. ಅಮ್ಮನಿಗೆ ಮಂಡಿನೋವು ಅಂತ ಒಮ್ಮೆ ನಾನು ಹೋದರೆ, "ಅಡಿಕೆ ಎಲ್ಲಿ?" ಅಂತ ದೊಡ್ಡಮ್ಮ ಮಾಗಡಿಗೆ ವಾಪಸ್ ಓಡಿಸಿದಳು. ಕೂದಲು ಉದುರಿದಾಗ ತಲೆಗೆ ಸೆರಗು ಹೊದ್ದು ಬಂದಳೇ ಹೊರತು, ಕರೆದದ್ದಕ್ಕೆ ಒಂದು ದಿನವೂ ತಪ್ಪಿಸಲಿಲ್ಲ.

ಕೊನೆಗೊಂದು ದಿನ ಡಾಕ್ಟರಮ್ಮ ಸ್ಕ್ಯಾನು ನೋಡಿ ನಕ್ಕರು. "ಎಲ್ಲಾ ಕ್ಲಿಯರ್ ಆಗಿದೆ ಅಮ್ಮ. ಇನ್ನು ಆರು ತಿಂಗಳು ನೀವು ಈ ಕಡೆ ಬರೋದೇ ಬೇಡ!"

ನಾನೂ ಅಮ್ಮನೂ ಅಲ್ಲೇ ತಬ್ಬಿಕೊಂಡು ಅತ್ತೆವು. ದೊಡ್ಡಮ್ಮ ಮಾತ್ರ ಮುಖ ಊದಿಸಿಕೊಂಡು, ಸೆರಗು ಕೊಡವಿ ಎದ್ದು ಬಾಗಿಲ ಕಡೆ ನಡೆದಳು.

"ನೋಡಿದ್ರಾ? ಕೆಲಸ ಆಗೋಗಂಟ ಕುಂಕುಮ ಇಟ್ಟು ಕರೆಸ್ಕಂಡ್ರು. ಕೆಲಸ ಆದ್ಮ್ಯಾಲೆ, ಬರಬ್ಯಾಡ ಅಂತ ಮೊಕಕ್ಕೇ ಯೋಳ್ಬುಟ್ರು!"