ನೋಯದ ಗಂಟು

ಸ್ತನದ ಕ್ಯಾನ್ಸರ್ ಬಗ್ಗೆ ಊರೂರು ತಿರುಗಿ ಹೇಳುವ ನರ್ಸ್ ನಾನು. ಕೇಳುವ ಹೆಂಗಸರಿಗೆ ವಿಪರೀತ ನಾಚಿಕೆ, ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹಾಗಾಗಿ ಶಿಬಿರ ಮಾಡಿದಲ್ಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ.

೧. ಕನ್ನಡಿ

ಕುರುಗೋಡಿನ ಕಡೆ ಬಾದನಹಟ್ಟಿಯಲ್ಲಿ ಹೇಳುತ್ತಿದ್ದೆ: "ತಿಂಗಳಿಗೊಮ್ಮೆ ಕನ್ನಡಿ ಮುಂದ ನಿಂತು ನೋಡಿಕೊಳ್ರಿ. ಚರ್ಮ ತಗ್ಗು ಬಿದ್ದೈತೇನು, ತೊಟ್ಟು ಒಳಗ ಸೇರೈತೇನು, ಕಂಕುಳಾಗ ಗಂಟೈತೇನು..."

ಮುಂದೆ ಕೂತಿದ್ದ ಅಜ್ಜಿ ಕೈ ಎತ್ತಿದಳು. "ನಮ್ಮನ್ಯಾಗ ಇರೋದು ಒಂದಽ ಕನ್ನಡಿ. ದಾಡಿ ಮಾಡಿಕೊಳ್ಳಾಕ ಅಂತ ನಮ್ಮ ಯಜಮಾನ್ರು ಹೊರಗ ಕಟ್ಟಿ ಮ್ಯಾಲ ಹಾಕ್ಯಾರ. ಎದುರಿಗೇ ಬಸ್ ನಿಲ್ತಾವ!"

"ಹಂಗಾದ್ರ ಕಿತ್ತು ಒಳಗ ಒಯ್ರಿ."

"ಒಯ್ತೀನಿ. ಯಾಕ ಅಂತ ಅವ್ರು ಕೇಳಿದ್ರ ನಿಮ್ಮ ಫೋನ್ ನಂಬರ್ ಕೊಡ್ಲೇನು?"

೨. ಕರಡಿಗೆ

ಬಳ್ಳಾರಿ ಕೌಲ್ ಬಜಾರಿನ ಅಂಗಡಿಯವರ ಮನೆಯಾಕೆ ಎದೆಯಲ್ಲಿ ಗಂಟಾಗಿದೆ ಎಂದು ಬಂದರು. ಕಾರಣವನ್ನೂ ಅವರೇ ಕಂಡುಹಿಡಿದಿದ್ದರು. ಕೊರಳಲ್ಲಿ ಕಟ್ಟಿಕೊಂಡ ಲಿಂಗದ ಬೆಳ್ಳಿ ಕರಡಿಗೆ ಒತ್ತಿ ಒತ್ತಿ ಆಗಿದ್ದಂತೆ.

"ದೀಪಾವಳಿಗೇ ದಾರ ಉದ್ದ ಮಾಡಿಕೊಂಡೀನ್ರಿ. ಕರಡಿಗಿ ಈಗ ಹೊಟ್ಟಿ ಮ್ಯಾಲ ಇರ್ತೈತಿ."

"ಗಂಟು ಕರಗಿತೇನು?"

"ಎಲ್ಲೀದ್ರಿ? ಈಗ ಹೊಟ್ಟೀನೂ ಬಂದೈತಿ!"

ಪುಣ್ಯಕ್ಕೆ, ಪರೀಕ್ಷೆಯಲ್ಲಿ ಅದು ಬರೀ ಕೊಬ್ಬಿನ ಗಂಟು ಎಂದು ಗೊತ್ತಾಯಿತು.

೩. ಬಾಜೂ ಮನೆಯಾಕೆ

ಸಿರುಗುಪ್ಪದಲ್ಲಿ ಶಿಬಿರ ಮುಗಿದು ಕುರ್ಚಿ ಮಡಚುವಾಗ ಗದ್ದೆ ಕೆಲಸದ ಹೆಂಗಸೊಬ್ಬಳು ಬಂದಳು.

"ಸಿಸ್ಟರ್, ನಮ್ಮ ಬಾಜೂ ಮನಿಯಾಕಿಗೆ ಎಡಗಡಿ ಗಂಟಾಗೈತ್ರಿ. ನೋವಿಲ್ಲ. ನೋವಿಲ್ಲಂದ್ರ ಏನೂ ಇಲ್ಲ, ಹೌದಲ್ರಿ?"

"ನೋಯದ ಗಂಟನ್ನ ಮೊದಲು ತೋರಿಸಬೇಕವ್ವ. ಆಕಿನ್ನ ಕರಕೊಂಡು ಬಾ."

"ಆಕಿಗೆ ನಾಚಿಕ್ರಿ."

"ಮತ್ತ ನಾ ಹೆಂಗ ನೋಡ್ಲಿ?" ಎಂದು ರೇಗಿದೆ.

ಆಕೆ ಅತ್ತಿತ್ತ ನೋಡಿ, "ನಂದು ನೋಡ್ರಿ. ಆಕಿಗೆ ಹೋಗಿ ಹೇಳ್ತೀನಿ" ಎಂದಳು.

ನನಗೆ ನಗು ಬಂತು. ಕೈಯಿಟ್ಟು ನೋಡಿದ ಮೇಲೆ ನಗು ಹೋಯಿತು. ಗಟ್ಟಿ ಗಂಟು, ನಿಜಕ್ಕೂ ಹೆದರಿದೆ. ಮರುದಿನವೇ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ನಾನೇ ಕರೆದೊಯ್ದೆ. ಕ್ಯಾನ್ಸರೇ ಆಗಿತ್ತು, ಆದರೆ ಬೇಗ ಸಿಕ್ಕಿತ್ತು. ಆಪರೇಷನ್ನು, ಕಿಮೋ ಎಲ್ಲ ಮುಗಿಸಿಕೊಂಡು ಊರಿಗೆ ಹೋದಳು.

ಸಿರುಗುಪ್ಪದ ಮುಂದಿನ ಶಿಬಿರಕ್ಕೆ ಮತ್ತೆ ಬಂದಳು. ತಲೆಯಲ್ಲಿ ಆಗಷ್ಟೇ ಕೂದಲು ಚಿಗುರುತ್ತಿತ್ತು. ಇನ್ನೊಬ್ಬ ಹೆಂಗಸಿನ ರಟ್ಟೆ ಹಿಡಿದು ಎಳೆದುಕೊಂಡು ಬರುತ್ತಿದ್ದಳು. ಅವಳು "ನನಗೇನೂ ಆಗಿಲ್ರಿ, ಬಿಡಂತ ಹೇಳ್ರಿ ಈಕಿಗೆ!" ಎಂದು ಕೊಸರಾಡುತ್ತಿದ್ದಳು.

"ಆಗಿಲ್ಲಂತ ಸಿಸ್ಟರ್ ಹೇಳ್ಲಿ, ಸುಮ್ಕಿರ" ಎಂದು ಅವಳನ್ನು ನನ್ನ ಮುಂದೆ ಕೂರಿಸಿ ಹೇಳಿದಳು: "ನೋಡ್ರಿ ಸಿಸ್ಟರ್, ಈ ಸಲ ಖರೇನ ಬಾಜೂ ಮನಿಯಾಕಿ!"