ಮೊಬೈಲಿನ ಹೆಣ್ಣುಬಣ್ಣ

ಮದುವೆ ಫೋಟೋ ತೆಗೆಯುವವನ ಬದುಕಿನಲ್ಲಿ ಫಜೀತಿಗೆ ಬರಗಾಲವಿಲ್ಲ. ಮದುಮಗ ಕಣ್ಣು ಮುಚ್ಚುತ್ತಾನೆ, ಧಾರೆಯ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತದೆ, ಊಟದ ಪಂಕ್ತಿಯಲ್ಲಿ ಯಾರದೋ ಬಾಯೊಳಗಿನ ಹೋಳಿಗೆಯೂ ಫೋಟೋದಲ್ಲಿ ಬರುತ್ತದೆ. ಇನ್ನು ನೋಡುವುದು ಏನೂ ಬಾಕಿ ಇಲ್ಲ ಅಂದುಕೊಂಡಿದ್ದೆ. ಆಗ ಅಕ್ಕನ ಮಗಳು ಕೊಂಬು ತಂದಳು.

ಯಾವ ಆಟ?

ಹುಡುಗಿ ಕೋಟದ ನಮ್ಮ ಮನೆಯಲ್ಲಿದ್ದು ಕುಂದಾಪುರದ ಕಾಲೇಜಿಗೆ ಹೋಗುತ್ತಾಳೆ. ಅವಳ ಮೊಬೈಲ್ ಗೇಮಿನಲ್ಲಿ ಪುರಾಣದಿಂದ ಎದ್ದು ಬಂದ ಹಾಗಿರುವ ಒಬ್ಬ ಪಾತಾಳದ ರಾಣಿ ಇದ್ದಾಳೆ. ಕೊಂಬಿನ ಕಿರೀಟ, ಅರ್ಧ ಮುಖ ನೀಲಿ, ಕೈಯಲ್ಲಿ ತ್ರಿಶೂಲ. ಆ ವೇಷ ಹಾಕಿ ಫೋಟೋ ಕಳಿಸುವ ಸ್ಪರ್ಧೆಯಂತೆ. ರಜೆಯೆಲ್ಲ ಕೂತು ಯೋಗ ಮಾಡುವ ಮ್ಯಾಟ್ ಕತ್ತರಿಸಿ ಕಿರೀಟ ಮಾಡಿದ್ದಳು. ಮ್ಯಾಟ್ ನನ್ನದು, ಅದು ಬೇರೆ ಮಾತು. ಭಾನುವಾರ ರಾತ್ರಿ ಎಂಟರೊಳಗೆ ಫೋಟೋ ಹೋಗದಿದ್ದರೆ ಅಷ್ಟೂ ಶ್ರಮ ದಂಡ. ಫೋಟೋ ತೆಗೆಯುವುದು ಕಡಲ ಬದಿಯಲ್ಲಿ, ಅದಕ್ಕೆ ಮೊದಲು ನಮ್ಮಮ್ಮ ಒಪ್ಪಬೇಕು. ಮೊಮ್ಮಗಳನ್ನು ಸುಮ್ಮಸುಮ್ಮನೆ ಕಡಲ ಬದಿಗೆ ಬಿಡುವವಳಲ್ಲ ಅವಳು.

ಅಮ್ಮ ಕಿರೀಟ ನೋಡಿ, "ಎಂತದ್ ಹೆಣೆ ಇದ್?" ಎಂದು ಮೊಮ್ಮಗಳನ್ನು ಕೇಳಿದಳು.

"ಆಟದ್ ವೇಷ ಅಜ್ಜಿ."

ನಮ್ಮ ಕಡೆ ಆಟ ಅಂದರೆ ಯಕ್ಷಗಾನ. ಹುಡುಗಿ ಮೊಬೈಲ್ ಕುಟ್ಟುವುದಕ್ಕೆ ಅಮ್ಮ ಇಟ್ಟ ಹೆಸರು 'ಒತ್ತುದ್', ಅದನ್ನು ಆಟ ಅಂತ ಅವಳು ಯಾವತ್ತೂ ಕರೆದವಳಲ್ಲ. ಎಲ್ಲಿ ಆಟ ಎಂದು ಕೇಳಿದಳು. ಮೊಬೈಲಿನಲ್ಲಿ ಬರುತ್ತದೆ ಎಂದಳು ಹುಡುಗಿ. ಯಕ್ಷಗಾನ ಮೇಳಗಳ ಆಟಗಳೇ ಮೊಬೈಲಿನಲ್ಲಿ ಲೈವ್ ಬರುವ ಕಾಲ, ಅಮ್ಮನಿಗೆ ಅನುಮಾನವೇ ಬರಲಿಲ್ಲ. ತನ್ನ ಅಪ್ಪಯ್ಯ ವೇಷ ಮಾಡುತ್ತಿದ್ದದ್ದು, ಅವರ ನಂತರ ಮನೆಯಲ್ಲಿ ಯಾರೂ ಗೆಜ್ಜೆ ಕಟ್ಟದೇ ಹೋದದ್ದು ಎಲ್ಲ ನೆನಪಾಗಿ ಕಣ್ಣೊರೆಸಿಕೊಂಡಳು. ನನಗೆ ಪಾಪ ಅನ್ನಿಸಿ ಸತ್ಯ ಹೇಳಲು ಬಾಯಿ ತೆರೆದೆ. ಹುಡುಗಿ ನನ್ನ ಕಾಲು ತುಳಿದಳು.

"ಈ ಮನಿಯಂಗ್ ನಿಂಗಾರೂ ಬುದ್ಧಿ ಬಂತಲೆ," ಎಂದು ಅಮ್ಮ ಮೊಮ್ಮಗಳ ತಲೆ ಸವರಿದಳು, ನನ್ನನ್ನೇ ನೋಡುತ್ತ.

ಬೆಳಗಾಗುವುದು ಹೇಗೆ?

ಒಪ್ಪಿಗೆ ಕೊಟ್ಟು ಅಮ್ಮ ಸುಮ್ಮನಿರಬೇಕಿತ್ತು. ಮೇಳ ಬಿಟ್ಟು ಆರಾಮಾಗಿದ್ದ ಪಕ್ಕದ ಮನೆಯ ಹಳೇ ವೇಷಧಾರಿಯನ್ನು ಮುಖಕ್ಕೆ ಬಣ್ಣ ಬರೆಯಲು ಕರೆದೇ ಬಿಟ್ಟಳು. ಅವರು ಮೊಬೈಲಿನ ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು, ಇದು ಹೆಣ್ಣುಬಣ್ಣ, ಅಂದರೆ ರಕ್ಕಸಿ ವೇಷ ಎಂದು ತೀರ್ಮಾನಿಸಿದರು. ಬಣ್ಣ ಬರೆಯುತ್ತ ಬರೆಯುತ್ತ, ಕಡೆಗೆ ಇವಳನ್ನು ಕೊಲ್ಲುವುದು ಯಾರು ಎಂದು ವಿಚಾರಿಸಿದರು. ಯಾರೂ ಕೊಲ್ಲುವುದಿಲ್ಲ, ಗೆಲ್ಲುವುದೇ ಇವಳು ಎಂದಳು ಹುಡುಗಿ.

ಕಡ್ಡಿ ಹಿಡಿದ ಕೈ ಅಲ್ಲೇ ನಿಂತಿತು. ರಕ್ಕಸರ ವೇಷ ಹಾಕಿ ರಾತ್ರಿಯಿಡೀ ಕುಣಿದು ನಸುಕಿಗೆ ಸರಿಯಾಗಿ ಸಾಯುವುದನ್ನೇ ಕಸುಬು ಮಾಡಿಕೊಂಡಿದ್ದ ಮನುಷ್ಯ ಅವರು.

"ರಕ್ಕಸಿ ಸಾಯ್ದಿರೆ ಬೆಳಗಾಪ್ದ್ ಹ್ಯಾಂಗೆ ಮಾರಾಯ್ತಿ?"

ಎದುರು ಮೇಳ

ಭಾನುವಾರ ಮಧ್ಯಾಹ್ನ ಕಾರಿನಲ್ಲಿ ತ್ರಾಸಿಯ ಕಡಲ ಬದಿಗೆ ಹೊರಟೆವು. ಮುಂದೆ ನಾನು ಮತ್ತು ಅಮ್ಮ, ಹಿಂದೆ ಪಕ್ಕದ ಮನೆಯ ವೇಷಧಾರಿ ಮತ್ತು ನಮ್ಮ ರಕ್ಕಸಿ. ವೇಷಧಾರಿ ಕಿರೀಟವನ್ನು ಎಷ್ಟು ಭದ್ರವಾಗಿ ಕಟ್ಟಿದ್ದರೆಂದರೆ ಬಿಚ್ಚುವ ಮಾತೇ ಇಲ್ಲ. ಒಂದು ಕೊಂಬು ಕಿಟಕಿಯಿಂದ ಹೊರಗಿತ್ತು.

ಪೆಟ್ರೋಲ್ ಬಂಕಿನಲ್ಲಿ ಸ್ಕೂಟರಿನವರೊಬ್ಬರು ಬಗ್ಗಿ ನೋಡಿದರು. ಯಾವ ಮೇಳ ಎಂದರು. ಮೇಳ ಅಲ್ಲ ಎಂದೆ. ಹಾಗಾದರೆ ಹರಕೆ ಆಟವೋ ಎಂದರು. ಹರಕೆಯೂ ಅಲ್ಲ, ಕಾಂಪಿಟಿಷನ್, ತ್ರಾಸಿಗೆ ಹೋಗುವುದು ಎಂದಳು ಹುಡುಗಿ ಕೊಂಬಿನ ಹಿಂದಿನಿಂದ. ಅವರ ಮುಖ ಅರಳಿತು. ಎರಡು ಮೇಳ ಎದುರುಬದುರು ಕುಣಿದು ಸೋಲು ಗೆಲುವು ನೋಡುವ ಜೋಡಾಟ ಸಿಗುವುದೇ ಅಪರೂಪ.

"ಹೋ, ಜೋಡಾಟ! ಎದುರು ಮೇಳ ಯಾವ್ದ್?"

ನಾನು ಜೋಡಾಟ ಅಲ್ಲ ಎನ್ನುವಷ್ಟರಲ್ಲಿ ಅವರು ಮೊಬೈಲ್ ಕಿವಿಗಿಟ್ಟುಕೊಂಡು ಊರಿಗೆಲ್ಲ ಸುದ್ದಿ ಹೇಳುತ್ತಿದ್ದರು.

ರಂಗಸ್ಥಳ

ತ್ರಾಸಿಯಲ್ಲಿ ನಾನು ಟ್ರೈಪಾಡ್ ನಿಲ್ಲಿಸಿ ಬೆಳಕು ಹದವಾಗಲಿ ಎಂದು ಕಾಯುವಾಗಲೇ ಸ್ಕೂಟರು, ರಿಕ್ಷಾ ಬರತೊಡಗಿದವು. ಬಂದವರೆಲ್ಲ ಸೀದಾ ಹೋಗಿ ಹುಡುಗಿಗೂ ಕಡಲಿಗೂ ನಡುವೆ ಮರಳಿನ ಮೇಲೆ ಕುಳಿತರು. ನನ್ನ ಫ್ರೇಮಿನ ತುಂಬ ಜನ. ಒಬ್ಬರು ಕಡಲೆಬೀಜ ತಿನ್ನುತ್ತಿದ್ದರು. ಕೇಳಿಕೊಂಡೆ, ಕೈಮುಗಿದೆ. ಆಟ ಸುರುವಾಗದೆ ಏಳುವುದು ಹೇಗೆ ಎಂದು ಅವರು ನನಗೇ ಬುದ್ಧಿ ಹೇಳಿದರು. ಹೊತ್ತು ಕಂತುತ್ತಾ ಬಂತು. ನನಗೆ ಸಿಟ್ಟು ನೆತ್ತಿಗೇರಿತು.

"ಹ್ವಾಯ್, ಇದ್ ಆಟ ಅಲ್ಲ ಮಾರಾಯ್ರೆ! ಮೊಬೈಲ್ ಗೇಮ್!"

ಜನ ಕದಲಲಿಲ್ಲ. ಕದಲಿದ್ದು ನಮ್ಮಮ್ಮ. ಮೊಮ್ಮಗಳ ಎದುರು ಬಂದು ನಿಂತು, "ಹೌದಾ ಹೆಣೆ?" ಎಂದಳು. ಹುಡುಗಿಯ ಕಣ್ಣು ತುಂಬಿತು. ಅಳಬೇಡ, ನೀಲಿ ಇಳಿಯುತ್ತದೆ ಎಂದು ವೇಷಧಾರಿ ಗದರಿದರು. ನನಗೋ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಅಮ್ಮ ಈಗ ಮನೆಗೆ ಹೋಗುವ ಅಂದರೆ ಎಲ್ಲ ಮುಗಿಯಿತು.

ಹುಡುಗಿ ಗೇಮ್ ತೆರೆದು ತೋರಿಸಿದಳು. ರಕ್ಕಸಿ ನಡೆದಳು, ತ್ರಿಶೂಲ ಬೀಸಿದಳು, ಗಿರ್ರನೆ ತಿರುಗಿದಳು. ಅಮ್ಮ ಬಗ್ಗಿ ನೋಡಿದಳು.

"ಭಾಗವತ್ರ್ ಎಲ್ಲಿ?" ಎಂದಳು. ಹಾಡು ಹೇಳಿ ವೇಷ ಕುಣಿಸುವ ಭಾಗವತರಿಲ್ಲದೆ ಆಟವೇ ಇಲ್ಲ ಅವಳ ಲೆಕ್ಕದಲ್ಲಿ.

"ಇಲ್ಲ ಅಜ್ಜಿ. ನಾನೇ ಬೆರಳಂಗ್ ಕುಣ್ಸುದ್."

ಅಮ್ಮ ಮೊಬೈಲ್ ತೆಗೆದುಕೊಂಡು ತಾನೇ ಒತ್ತಿದಳು. ರಕ್ಕಸಿ ಹಾರಿದಳು. ಇನ್ನೊಮ್ಮೆ ಒತ್ತಿದಳು.

"ಕುಣ್ಸುವವ್ರೇ ಭಾಗವತ್ರ್. ಮತ್ತೆ ಇದ್ ಆಟ ಅಲ್ದೆ ಎಂತ?" ಎಂದವಳೇ ಜನರ ಕಡೆ ತಿರುಗಿದಳು. "ಹ್ವಾಯ್, ರಂಗಸ್ಥಳದ್ ಮೇಲೆ ಕೂಕಂಡ್ರೆ ವೇಷ ಕುಣಿವುದ್ ಎಲ್ಲಿ? ಎದ್ದ್ ಹಿಂದ್ ಹೋಯ್ನಿ."

ನಾನು ಅಷ್ಟು ಕೈಮುಗಿದರೂ ಏಳದವರು ಒಂದೇ ಮಾತಿಗೆ ಎದ್ದು ನನ್ನ ಬೆನ್ನ ಹಿಂದೆ ಹೋಗಿ ಕುಳಿತರು. ಕೆಂಪು ಕಡಲು, ಎರಡು ಕೊಂಬು, ನಡುವೆ ಕಂತುವ ಸೂರ್ಯ. ಇಷ್ಟು ವರ್ಷದ ಮದುವೆ ಫೋಟೋಗಳಲ್ಲಿ ಅಂಥದ್ದೊಂದು ನನಗೆ ಸಿಕ್ಕಿದ್ದಿಲ್ಲ. ಖುಷಿಗೆ ನಾನೇ ಕುಣಿಯುವುದೊಂದು ಬಾಕಿ.

ವಾಪಸು ಹೊರಟಾಗ ಎಂಟಕ್ಕೆ ಹೆಚ್ಚು ಹೊತ್ತಿರಲಿಲ್ಲ. ಫೋಟೋ ಕಳಿಸಬೇಕು, ಮೊಬೈಲ್ ಕೊಡಿ ಎಂದು ಹುಡುಗಿ ಹಿಂದಿನ ಸೀಟಿನಿಂದ ಅಂಗಲಾಚಿದಳು. ಅಮ್ಮ ತಲೆ ಎತ್ತಲಿಲ್ಲ. ಗೇಮಿನ ಮೇಲೆ ಎರಡೂ ಹೆಬ್ಬೆರಳು ಓಡುತ್ತಿದ್ದವು. ಕಡೆಗೆ ಕಾರು ಬದಿಗೆ ಹಾಕಿ ನನ್ನ ಮೊಬೈಲಿನಿಂದಲೇ ಕಳಿಸಿದೆವು, ಯಾಕೆಂದರೆ ಅಮ್ಮ ಹೇಳಿದ್ದು ಇಷ್ಟೇ:

"ವೇಷ ಕುಣಿತಾ ಇಪ್ಪತಿಗೆ ಭಾಗವತ್ರ್ ಎದ್ದ್ ಹೋಪ್ದ್ ಉಂಟಾ ಹೆಣೆ?"