ಎತ್ತುಗಳ ಶನಿವಾರದ ರಜೆ ಹಾಗೂ ಗ್ಯಾನಪ್ಪ ಮಾಸ್ತರರ ವರ್ಗಾವಣೆ ಕುರಿತು

ಪ್ರಶ್ನೆ ನಿಯಂತ್ರಣ ಕಚೇರಿ
ಸಂಖ್ಯೆ: ಪ್ರ.ನಿ./ಎತ್ತು/೭
ದಿನಾಂಕ: ೧೪ ಅಮರದಾದ್, ೧೩೪೭ ಫಸಲಿ (ಜೂನ್ ೧೯೩೮)

ವಿಷಯ: ಕುಷ್ಟಗಿ ತಾಲೂಕಿನ ಕರಿಹಳ್ಳದಿನ್ನಿ ಶಾಲೆಯಲ್ಲಿ ಗ್ರೀಕರ ವಿಚಾರ, ಯಹೂದಿಗಳ ಪದ್ಧತಿ ಚರ್ಚಿಸಿದ್ದರಿಂದ ಉಂಟಾದ ತಾಪತ್ರಯ.
ಉಲ್ಲೇಖ: ರೈತ ಹೇಮಪ್ಪನವರ ಫಿರ್ಯಾದಿ.

ಸದರಿ ಶಾಲೆಯ ಮಾಸ್ತರ ಗ್ಯಾನಪ್ಪ ಎಂಬುವರು, ಪಾಠ ಮುಗಿಸಿ ತೆಪ್ಪಗೆ ಮನೆಗೆ ಹೋಗುವುದನ್ನು ಬಿಟ್ಟು, ಹಳೆಯ ಗ್ರೀಕರು ಎಲ್ಲದಕ್ಕೂ ಪ್ರಶ್ನೆ ಕೇಳುತ್ತಿದ್ದರೆಂದೂ, ಯಹೂದಿಗಳು ಶನಿವಾರ ತಾವೂ ದುಡಿಯದೆ, ಆಳುಗಳನ್ನೂ ಎತ್ತುಗಳನ್ನೂ ದುಡಿಸುವುದಿಲ್ಲವೆಂದೂ ಮಕ್ಕಳಿಗೆ ಹೇಳಿದ್ದು ಸಾಬೀತಾಗಿದೆ. ಮಕ್ಕಳು ಕೇಳಿ ಸುಮ್ಮನಿದ್ದರೆ ಈ ಕಚೇರಿಗೆ ತಲೆನೋವೇ ಇರುತ್ತಿರಲಿಲ್ಲ. ಅವರು ಆ ಶನಿವಾರವೇ ಹೇಮಪ್ಪನವರ ಎತ್ತುಗಳನ್ನು ನೊಗದಿಂದ ಬಿಚ್ಚಿದರು. ಬಸವಣ್ಣನ ವಾರವೆಂದು ಸೋಮವಾರ ಎತ್ತು ಹೂಡುವ ರೂಢಿ ಮೊದಲೇ ಇಲ್ಲ. ನಡುವಿನ ರವಿವಾರ ಒಂದೇ ದಿನಕ್ಕಾಗಿ ಏಳಲು ಎತ್ತುಗಳಿಗೆ ಮನಸ್ಸಾಗುತ್ತಿಲ್ಲ.

ಹೇಮಪ್ಪನವರ ಹೇಳಿಕೆ: "ಮಗನ್ನ ಬೈಯಾಕ ಹೋದ್ರ, 'ಅಪ್ಪಾ, ದುಡಿತ ಅಂದ್ರ ಏನು, ಮೊದ್ಲು ಹೇಳು' ಅಂತಾನ್ರಿ. ವಾರಾತು, ಹೇಳಾಕ ಬರವಲ್ದು."

ಆದಕಾರಣ ಈ ಮೂಲಕ ಸೂಚಿಸಲಾಗಿದೆ:

೧. ಪ್ರತಿ ಎತ್ತು ಯಾವುದಾದರೂ ಒಂದೇ ಮತದ ರಜೆ ಪಡೆಯತಕ್ಕದ್ದು. ಜೋಡಿ ಎತ್ತುಗಳು ಒಂದೇ ಮತದವಾಗಿರತಕ್ಕದ್ದು. ಇಲ್ಲವಾದಲ್ಲಿ ನೊಗ ವಾಲುತ್ತದೆ.

೨. ಸಾಕ್ರಟೀಸ್ ಎಂಬ ಗ್ರೀಕ್ ಗೃಹಸ್ಥರು ಈ ಇಲಾಖೆಯ ಸಿಬ್ಬಂದಿಯಲ್ಲ. ಅವರ ಪರವಾಗಿ ಪ್ರಶ್ನೆ ಕೇಳುವ ಮಕ್ಕಳು ಅವರಿಂದಲೇ ಮುಖ್ತಿಯಾರ ಪತ್ರ ತರತಕ್ಕದ್ದು.

೩. ಯಹೂದಿಗಳಂತೆ ಇಬ್ಬಿಬ್ಬರು ಕೂತು ವಾದಿಸುತ್ತ ಓದುವ ಮಕ್ಕಳು, ಸಂಜೆಯೊಳಗೆ ಇಬ್ಬರೂ ಸೋಲತಕ್ಕದ್ದು.

೪. 'ಯಾಕೆ' ಎಂಬುದನ್ನು ಶಾಲೆಯಿಂದ ಮನೆಗೆ ಒಯ್ಯಕೂಡದು. ಮಕ್ಕಳ ಬಾಯಿ ತಪಾಸಣೆಗೆ ಜವಾನ ಅಬ್ದುಲಸಾಬರನ್ನು ನೇಮಿಸಲಾಗಿತ್ತು. ಅವರು "ಯಾಕ್ರಿ ಸಾಹೇಬ್ರ?" ಎಂದಿದ್ದರಿಂದ, ಸದ್ಯ ಅವರ ಬಾಯಿಯನ್ನೇ ತಪಾಸಣೆ ಮಾಡಲಾಗುತ್ತಿದೆ.

೫. ಗ್ಯಾನಪ್ಪ ಮಾಸ್ತರರನ್ನು ಕನಕಗಿರಿಗೆ ವರ್ಗಾಯಿಸಲು ಇನ್ಸ್‌ಪೆಕ್ಟರ ಉಮರಸಾಬರು ಖುದ್ದಾಗಿ ತೆರಳಿದ್ದರು. ಊರು ಬಿಡಲು ಮಾಸ್ತರರಿಗೆ ಸುತರಾಂ ಮನಸ್ಸಿರಲಿಲ್ಲ. ಶಾಲೆಯಲ್ಲೇ ಹಾಸಿಗೆ ಸುತ್ತಿಟ್ಟು ಅದರ ಮೇಲೆಯೇ ಕೂತಿದ್ದರು, ಮಕ್ಕಳ ಮುಖ ನೋಡಿದರೆ ಅಳು ಬಂದೀತೆಂದು ಗೋಡೆ ನೋಡುತ್ತಿದ್ದರು. ಅಷ್ಟರಲ್ಲಿ ಹೇಮಪ್ಪನವರ ಮಗಳು ಯಮನೂರಮ್ಮ ಎದ್ದು ನಿಂತು, "ಸಾಹೇಬ್ರ, ನಮ್ಮ ಮಾಸ್ತರು ಊರು ಕೆಡಿಸ್ಯಾರ ಅಂದ್ರ, ಕನಕಗಿರಿ ಏನ್ ಪಾಪ ಮಾಡೈತ್ರಿ?" ಎಂದು ಕೇಳಿದಳು. ಇನ್ಸ್‌ಪೆಕ್ಟರರು ನೀರು ಕೇಳಿ ಕುಡಿದು, ಬಂದ ದಾರಿಯಲ್ಲೇ ಮರಳಿದರು.

೬. ಆದ್ದರಿಂದ ಉಳಿದ ಊರುಗಳ ಕ್ಷೇಮದ ದೃಷ್ಟಿಯಿಂದ, ಸದರಿ ಮಾಸ್ತರರು ನಿವೃತ್ತಿಯವರೆಗೂ ಕರಿಹಳ್ಳದಿನ್ನಿಯಲ್ಲಿಯೇ ಇರತಕ್ಕದ್ದು. ಇದನ್ನು ಅವರು ಕಠಿಣ ಶಿಕ್ಷೆಯೆಂದು ಭಾವಿಸತಕ್ಕದ್ದು. ಆದೇಶದ ಕರಡು ಓದಿ ಹೇಳಿದಾಗ ಅವರು ನಕ್ಕಿದ್ದನ್ನು ಕಚೇರಿಯು ಗಮನಿಸಿಲ್ಲ.

೭. ಹೇಮಪ್ಪನವರ ಹೊಲದ ಕೂಲಿ ಹುಲಿಗವ್ವನ ಹೇಳಿಕೆ: "ಎತ್ತಿಗೆ ಬಿಡುವು ಐತಿ, ಎತ್ತಿನ ಹಿಂದ ನಡಿಯಾಕಿಗೆ ಯಾಕ ಇಲ್ರಿ? ಹುಟ್ಟಿದಾಗಿಂದ ಕಾಲು ಚಾಚಿ ಕುಂತಾಕಿ ಅಲ್ಲ. ಈ ಶನಿವಾರ ಕುಂತೆ. ಭಾಳ ಛಲೋ ಅನಿಸ್ತ್ರಿ." ಇದಕ್ಕೆ ಕಚೇರಿಯಲ್ಲಿ ಉತ್ತರ ಸಿಗದ ಕಾರಣ, ಹೇಳಿಕೆಯನ್ನು ದಾಖಲಿಸಿಕೊಂಡಿಲ್ಲ.

(ಸಹಿ)
ಪ್ರಶ್ನೆ ನಿಯಂತ್ರಣಾಧಿಕಾರಿ

ಪ್ರತಿಗಳು:
ಹೇಮಪ್ಪನವರಿಗೆ: ಎತ್ತುಗಳಿಗೆ ಓದಿ ಹೇಳಲು.
ಕಾರಟಗಿ, ಅಳವಂಡಿ, ಕನಕಗಿರಿ ಶಾಲೆಗಳಿಗೆ: "ಆ ಮಾಸ್ತರರನ್ನು ನಮಗೆ ಕೊಡಿ" ಎಂಬ ಅರ್ಜಿಗಳನ್ನು ತಿರಸ್ಕರಿಸಲಾಗಿದೆ.
ಗ್ಯಾನಪ್ಪ ಮಾಸ್ತರರಿಗೆ: ಮಾಹಿತಿಗಾಗಿ. ಚರ್ಚೆಗಾಗಿ ಅಲ್ಲ.
ಹುಲಿಗವ್ವನಿಗೆ: ಉತ್ತರ ಹುಡುಕಲಾಗುತ್ತಿದೆ. ಸಿಗುವವರೆಗೆ ಪ್ರತಿ ಶನಿವಾರ ಕೂತಿರತಕ್ಕದ್ದು.